ಕರುಣೆಯೂ ಕೋರ್ಟಿನ ಕೇಸೂ

ಪಿರಿಯಾಪಟ್ಟಣದ ಓದುಗರಿಗೆ,

ನಿಮ್ಮ ಪತ್ರ ತಲುಪಿತು. ಟಿಬೆಟ್ಟಿನ ಬೌದ್ಧ ಗುರು ದಲೈ ಲಾಮಾ ಬೈಲಕುಪ್ಪೆಗೆ ಬಂದಿದ್ದಾಗ ಜನರ ನಡುವೆ ನಿಂತು ಕಂಡಿರಿ, ಆ ನಗುವಿಗೆ ಮನಸೋತಿರಿ. 'ಆದರೆ ಅವರ ಕರುಣೆಯಿಂದ ಟಿಬೆಟ್ಟಿಗೆ ಸಿಕ್ಕಿದ್ದೇನು?' ಎಂದು ಮರುಸಾಲಿನಲ್ಲೇ ಕೇಳಿದ್ದೀರಿ. ಆಸ್ತಿ ಪಾಲಿಗಾಗಿ ಅಣ್ಣನ ಮೇಲೆ ಕೇಸು ಹಾಕಿರುವ ನಿಮಗೆ, ಕರುಣೆ ತೋರಿದರೆ ಸೋಲು ಒಪ್ಪಿಕೊಂಡಂತೆ ಅನಿಸುತ್ತದೆ ಎಂದೂ ಬರೆದಿದ್ದೀರಿ.

ಸುಖದಲ್ಲಿ ಬೆಳೆದ ನಗು ಅದಲ್ಲ. 1950ರಲ್ಲಿ ಚೀನಾ ಸೇನೆ ಟಿಬೆಟ್ಟಿಗೆ ನುಗ್ಗಿದಾಗ ಹದಿನೈದರ ಹುಡುಗನ ಹೆಗಲಿಗೆ ರಾಜ್ಯದ ಹೊಣೆ ಬಿತ್ತು. 1959ರ ಮಾರ್ಚ್ 17ರ ರಾತ್ರಿ ಸೈನಿಕನ ವೇಷದಲ್ಲಿ ರಾಜಧಾನಿ ಲ್ಹಾಸಾ ಬಿಟ್ಟವರು ಇಂದಿಗೂ ಮರಳಿಲ್ಲ. ಅವರ ಹಿಂದೆ ಭಾರತಕ್ಕೆ ಬಂದ ಟಿಬೆಟ್ಟಿಗರಿಗೆ ಮೈಸೂರು ಸರ್ಕಾರ ನಿಮ್ಮ ತಾಲ್ಲೂಕಿನ ಬೈಲಕುಪ್ಪೆಯಲ್ಲೇ ಸುಮಾರು 3,000 ಎಕರೆ ಕಾಡು ಕೊಟ್ಟಿತು. ತಂಪು ನಾಡಿನ ಜನ ಈ ಬಿಸಿಲಲ್ಲಿ ಮರ ಕಡಿದರು. ಮೊದಲ ದಿನಗಳಲ್ಲಿ ಅವರನ್ನು ನೋಡಲು ಬಂದ ದಲೈ ಲಾಮಾ ತಂಗಿದ್ದು ಬಿದಿರಿನ ಮನೆಯಲ್ಲಿ. ಸುತ್ತ ಕಾಡು ಸುಟ್ಟ ಹೊಗೆ, ದೂಳು, ಬೂದಿ.

ಅವರು ಮತ್ತೆ ಮತ್ತೆ ಹೇಳುವ ಒಂದು ಪ್ರಸಂಗವಿದೆ. ಚೀನೀಯರ ಸೆರೆಯಲ್ಲಿ ಸುಮಾರು 18 ವರ್ಷ ಕಳೆದ ಹಿರಿಯ ಭಿಕ್ಷುವೊಬ್ಬರು, ದಲೈ ಲಾಮಾ ನೆಲೆಸಿರುವ ಹಿಮಾಚಲದ ಧರ್ಮಶಾಲಾ ಊರಿಗೆ ಬಂದು, ಸೆರೆಯಲ್ಲಿ ತಾನು ಕೆಲವು ಸಲ ದೊಡ್ಡ ಅಪಾಯಕ್ಕೆ ಸಿಲುಕಿದ್ದೆ ಎಂದರು. ಜೀವಕ್ಕೇನೋ ಅಪಾಯ ಇತ್ತೆಂದುಕೊಂಡು ದಲೈ ಲಾಮಾ ಏನದು ಎಂದು ಕೇಳಿದರು. ಹಿಂಸಿಸುತ್ತಿದ್ದ ಚೀನೀಯರ ಮೇಲಿನ ಕರುಣೆಯೇ ಕೈತಪ್ಪಿ ಹೋಗುವ ಅಪಾಯ, ಎಂದರಂತೆ ಆ ಭಿಕ್ಷು.

ಅಂದರೆ, ಇವರ ಪಾಲಿಗೆ ಕರುಣೆ ತಾನಾಗಿ ಉಕ್ಕಿ ಬರುವ ಭಾವವಲ್ಲ, ಕಾಪಾಡಿಕೊಳ್ಳಬೇಕಾದ್ದು. ದಲೈ ಲಾಮಾ ನಸುಕಿನ ಮೂರಕ್ಕೇ ಎದ್ದು ಧ್ಯಾನಕ್ಕೆ ಕೂರುತ್ತಾರೆ. 2008ರಲ್ಲಿ ಚೀನಾದ ಆಡಳಿತದ ವಿರುದ್ಧ ಟಿಬೆಟ್ ಹೊತ್ತಿ ಉರಿದಾಗ ಚೀನಾದ ಅಧಿಕಾರಿಗಳನ್ನೇ ಮನಸ್ಸಿಗೆ ತಂದುಕೊಂಡು, ಅವರ ಸಿಟ್ಟು, ಸಂಶಯಗಳನ್ನು ತಾನು ಒಳಗೆಳೆದುಕೊಂಡು ಬದಲಿಗೆ ಪ್ರೀತಿ ಕೊಡುವ ಧ್ಯಾನ ಮಾಡಿದೆ ಎಂದಿದ್ದಾರೆ. ಅದರಿಂದ ಸಮಸ್ಯೆ ಬಗೆಹರಿಯದು, ತನ್ನ ಮನಸ್ಸು ಮಾತ್ರ ಕದಡದೆ ಉಳಿಯುತ್ತದೆ ಎಂದೂ ಅವರೇ ಹೇಳಿದ್ದಾರೆ. ಈ ಪ್ರಾಮಾಣಿಕತೆ ನನಗೆ ತುಂಬ ಹಿಡಿಸಿತು. ಪವಾಡದ ಆಸೆ ತೋರಿಸದ ಗುರುವನ್ನು ನಂಬಬಹುದು.

ಟಿಬೆಟ್ಟಿಗೆ ರಾಜ್ಯ ಮರಳಿ ಸಿಕ್ಕಿಲ್ಲ, ನಿಜ. ಹಾಗೆಂದು ಅವರು ಬೇಡಿಕೆಯನ್ನೂ ಬಿಟ್ಟಿಲ್ಲ. 1988ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಯುರೋಪಿನ ಸಂಸದರ ಮುಂದೆ ಟಿಬೆಟ್ಟಿಗೆ ಸ್ವಯಮಾಡಳಿತದ ಬೇಡಿಕೆ ಇಟ್ಟರು, ಮರುವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 2011ರಲ್ಲಿ ತನ್ನ ರಾಜಕೀಯ ಅಧಿಕಾರವನ್ನು ಚುನಾಯಿತರ ಕೈಗೆ ಕೊಟ್ಟರು. ಅನ್ಯಾಯವನ್ನು ಅನ್ಯಾಯ ಎನ್ನುವುದನ್ನು ಎಂದೂ ನಿಲ್ಲಿಸಿಲ್ಲ.

ಆದ್ದರಿಂದ ನೀವು ಕೇಸು ಹಿಂತೆಗೆದುಕೊಳ್ಳಬೇಕಾಗಿಲ್ಲ. ನಿಮ್ಮ ಪಾಲು ನ್ಯಾಯವಾದದ್ದಾದರೆ ಕೇಳಿ, ಗಟ್ಟಿಯಾಗಿಯೇ ಕೇಳಿ. ಧರ್ಮ ಬದಲಿಸಬೇಕೆಂದೂ ಇಲ್ಲ. ನಿಮ್ಮ ನಿಮ್ಮ ಧರ್ಮದಲ್ಲೇ ಇರಿ ಎಂದೇ ದಲೈ ಲಾಮಾ ಎಲ್ಲರಿಗೂ ಹೇಳುವುದು. ಮುಂದಿನ ವಾಯಿದೆಯ ದಿನ ಅಣ್ಣ ಕೋರ್ಟಿನ ಅಂಗಳದಲ್ಲಿ ಸಿಕ್ಕರೆ ಮುಖ ತಿರುಗಿಸಬೇಡಿ. ಅತ್ತಿಗೆ ಹೇಗಿದ್ದಾರೆ ಎಂದು ಕೇಳಿ. ಅಣ್ಣ ಉತ್ತರ ಕೊಡದಿದ್ದರೆ, ಅದರ ಮುಂದಿನ ವಾಯಿದೆಗೂ ಕೇಳಿ.

– ಸಂ.