ಕಟ್ಟೆ ಒಡೆಸಿದವನ ಉತ್ತರ

ಬೆಂಗಳೂರಿನಿಂದ ಹುಬ್ಬಳ್ಳಿಗೆ ವರ್ಗವಾಗಿ ಬಂದು ಎಂಟು ತಿಂಗಳಾಯಿತು, ಭಾನುವಾರ ಬಂದರೆ ಬೇಸರ, ಸಾಲ ಮಾಡಿ ಕಾರು ಕೊಂಡು ಗೋವಾ, ದಾಂಡೇಲಿ ಎಂದು ತಿರುಗುವುದೋ, ಊರಲ್ಲೇ ಸಣ್ಣಪುಟ್ಟ ಸಂತೋಷ ಹುಡುಕಿಕೊಳ್ಳುವುದೋ ಎಂದು ಕೇಳಿದ್ದೀರಿ. ಕಾರು ಒಳಗೆ ಬರಲು ಗೇಟು ಅಗಲ ಮಾಡಿಸಿಕೊಳ್ಳುವುದಕ್ಕೆ ಮನೆ ಮಾಲೀಕರು ಒಪ್ಪಿದ್ದಾರೆ ಎಂದೂ ಕೊನೆಯಲ್ಲಿ ಬರೆದಿದ್ದೀರಿ. ಆ ಗೇಟಿನ ಸಾಲು ಓದಿದ ಮೇಲೆ ನಿಮ್ಮ ಉಳಿದ ಪ್ರಶ್ನೆ ನನ್ನ ತಲೆಯಲ್ಲಿ ನಿಲ್ಲಲಿಲ್ಲ.

2014ರಲ್ಲಿ ನಾನೂ ಗೇಟು ಅಗಲ ಮಾಡಿಸಿದೆ.

ನಮ್ಮದು ಹಳೇ ಹುಬ್ಬಳ್ಳಿಯ ಒಂದು ಓಣಿ. ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ಆಗ ನನಗೂ ನಿಮ್ಮ ಹಾಗೆಯೇ ಅನಿಸುತ್ತಿತ್ತು: ವಾರವಿಡೀ ಮೆಣಸಿನಕಾಯಿ ಘಾಟು, ಹತ್ತಿಯ ದೂಳು, ಭಾನುವಾರವೂ ಇದೇ ಓಣಿ, ಇದೇ ಮುಖಗಳು. ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಓಣಿಯಲ್ಲಿ ನಿಲ್ಲಿಸಿದರೆ ಎತ್ತಿನ ಗಾಡಿ ತಾಗಿಸಿಕೊಂಡು ಹೋಗುತ್ತದೆ, ಹುಡುಗರ ಚೆಂಡು ಬೀಳುತ್ತದೆ. ಒಳಗೇ ಬರಬೇಕು. ಒಳಗೆ ಬರಬೇಕಾದರೆ ಬಾಗಿಲ ಎಡಕ್ಕಿದ್ದ ಕಟ್ಟೆ ಹೋಗಬೇಕು.

ಆ ಕಟ್ಟೆ ಏಳು ಅಡಿ ಉದ್ದ, ಎರಡು ಅಡಿ ಅಗಲ, ಮೊಣಕಾಲೆತ್ತರ. ಮೇಲೆ ಮೂರು ಶಹಾಬಾದ್ ಫರಸಿ ಕಲ್ಲು. ಕೂತು ಕೂತು ನುಣುಪಾಗಿ, ಮಳೆ ಬಿದ್ದರೆ ಮುಖ ಕಾಣುವಂತಾಗಿದ್ದವು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಸಂಜೆ ಐದಕ್ಕೆ ರೇಡಿಯೊ ಹಿಡಿದು ಹೊರಗೆ ಬಂದರೆ ಏಳೂವರೆಗೆ ಒಳಗೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ, ಅಪ್ಪ ಹುಟ್ಟಿದ್ದು ಅದಕ್ಕೆ ಹತ್ತು ವರ್ಷ ಮೊದಲು. ಆ ನಿಲಯ ತನ್ನ ತಮ್ಮ ಎನ್ನುವ ಹಾಗೆ ಮಾತನಾಡುತ್ತಿದ್ದರು. ಗೇಣು ಹೊಲವಿಲ್ಲದ ಮನುಷ್ಯ ರೈತರ ಕಾರ್ಯಕ್ರಮವನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಹಗಲೆಲ್ಲ ಬ್ಯಾಡಗಿ ಮೆಣಸಿನಕಾಯಿಯ ದರ ಬರೆದು ಬಂದ ನನಗೆ ಅದೇ ದರವನ್ನು ಓದಿ ಹೇಳುತ್ತಿದ್ದರು, ನಾನು ತಪ್ಪು ಬರೆದಿರಬಹುದೆಂಬ ಅನುಮಾನದಿಂದ.

ಗೌಂಡಿ ಬೆಳಿಗ್ಗೆ ಬಂದ. ಕಟ್ಟೆಯ ಮೇಲೆ ಕೂತ, ಚಹಾ ಕುಡಿದ, ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಪಕ್ಕದ ಫರಸಿಯ ಮೇಲೆಯೇ ಕೂಲಿ, ಸಿಮೆಂಟು, ಮಣ್ಣು ಸಾಗಿಸುವ ಖರ್ಚು ಎಂದು ಕೂಡಿಸಿ ತೋರಿಸಿದ. ನಾನು ಮೊತ್ತದಲ್ಲಿ ನೂರು ರೂಪಾಯಿ ತಪ್ಪು ಹಿಡಿದೆ. ಬಹಳ ಜಾಣನೆಂದುಕೊಂಡೆ. ಅಪ್ಪ ಬಾಗಿಲಲ್ಲಿ ನಿಂತು, "ಕಲ್ಲು ಒಡೆಯಬೇಡಿರಿ, ಹಿತ್ತಲಲ್ಲಿ ಇಡಿರಿ" ಎಂದರು. ಅಷ್ಟೇ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇದನ್ನು ಹೇಳಿದಾಗಲೆಲ್ಲ ಜನ "ಕಾರು ಕೊಂಡದ್ದೇ ತಪ್ಪು ಬಿಡಿ" ಎನ್ನುತ್ತಾರೆ. ಅಲ್ಲ. ಕಾರು ಕೊಂಡದ್ದು ತಪ್ಪಲ್ಲ. ಕಟ್ಟೆ ಒಡೆದದ್ದೂ ತಪ್ಪೆಂದು ಸಾಧಿಸುವುದು ಕಷ್ಟ, ಎಷ್ಟೋ ಮನೆಗಳಿಗೆ ಕಟ್ಟೆಯೇ ಇಲ್ಲ, ಅವರೆಲ್ಲ ಅಳುತ್ತ ಕೂತಿಲ್ಲ. ನಾನು ಎಡವಿದ್ದು ಎಣಿಕೆಯಲ್ಲಿ. ಕಟ್ಟೆಯ ಮೇಲೆ ಕೂರುವವರು ಯಾರು? ಅಪ್ಪ. ಒಬ್ಬರು. ಒಬ್ಬರಿಗೆ ಏಳು ಅಡಿ ಕಲ್ಲು ಏಕೆ, ಒಂದು ಕುರ್ಚಿ ಸಾಕು. ಕೈ ಇರುವ ಪ್ಲಾಸ್ಟಿಕ್ ಕುರ್ಚಿ ತಂದು ಪಡಸಾಲೆಯ ಕಿಟಕಿಯ ಬಳಿ ಹಾಕಿದೆ. ಗಾಳಿ ಬರುತ್ತದೆ, ಓಣಿ ಕಾಣುತ್ತದೆ, ಬೆನ್ನಿಗೂ ಆಸರೆ. ಜಮಾ ಖರ್ಚು ತಾಳೆಯಾಯಿತು.

ತಾಳೆಯಾಗಿರಲಿಲ್ಲ. ಸಂತೆಯಿಂದ ಬರುವ ಎದುರು ಮನೆಯ ಕಾಕು ಕಟ್ಟೆಯ ಮೇಲೆ ಚೀಲ ಇಳಿಸಿ ಎರಡು ನಿಮಿಷ ಕೂರುತ್ತಿದ್ದರು. ಅವರು ನಮ್ಮ ಮನೆಗೆ ಬಂದವರಲ್ಲ, ತಮ್ಮ ಮನೆಗೆ ಹೋಗುತ್ತಿದ್ದವರು. ಅವರಿಗೆ ಚಹಾ ಮಾಡಬೇಕಿರಲಿಲ್ಲ, ಅವರು ಚಪ್ಪಲಿ ಬಿಡಬೇಕಿರಲಿಲ್ಲ, ಹೊರಡುವಾಗ ಹೇಳಿ ಹೋಗಬೇಕಿರಲಿಲ್ಲ. ಅಷ್ಟರಲ್ಲೇ ಸೊಪ್ಪಿನ ಕಟ್ಟು ಬಿಚ್ಚಿ ಅರ್ಧ ಹತ್ತರಕಿ ನಮ್ಮವಳ ಕೈಗಿಟ್ಟು, ಸೊಸೆಯ ಮೇಲೆ ಒಂದು ಮಾತು ಹಾರಿಸಿ ಏಳುತ್ತಿದ್ದರು. ಪೋಸ್ಟಿನವನು ಸೈಕಲ್ಲಿನಿಂದ ಇಳಿಯದೆ ಒಂದು ಕಾಲನ್ನು ಆ ಕಲ್ಲಿಗೆ ಊರಿ ನಿಲ್ಲುತ್ತಿದ್ದ. ಶಾಲೆಯಿಂದ ಬರುವ ಹುಡುಗರು ಬೂಟಿನ ಲೇಸು ಕಟ್ಟುತ್ತಿದ್ದುದು ಅಲ್ಲಿ. ಪಡಸಾಲೆಯಲ್ಲಿ ಅಪ್ಪನ ಎದುರು ಕೂರಬೇಕಾದರೆ ಇವರೆಲ್ಲ ಅತಿಥಿಗಳಾಗಬೇಕು. ಯಾರಿಗೆ ದಿನಾ ಅತಿಥಿಯಾಗಲು ಪುರುಸೊತ್ತಿದೆ? ಆಮೇಲೆ ಒಂದು ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ: ದಿನಾ ಸಂಜೆ ಆ ಕಟ್ಟೆಯ ಮೇಲೆ ಕೂತೋ ಕಾಲೂರಿಯೋ ಹೋಗುತ್ತಿದ್ದವರು ಹದಿನಾಲ್ಕು ಮಂದಿ. ನಾನು ಒಂದು ಎಂದು ಬರೆದುಕೊಂಡಿದ್ದೆ. ಅಂಗಡಿಯ ಖಾತೆಯಲ್ಲಿ ಹೀಗೆ ಬರೆದಿದ್ದರೆ ಅಂದೇ ಮನೆಗೆ ಕಳುಹಿಸುತ್ತಿದ್ದರು.

ಮೊದಲ ಪೆಟ್ಟು ನೀರಿನಿಂದ ಬಂತು. ನಮ್ಮ ಓಣಿಗೆ ಆಗ ನಳದ ನೀರು ವಾರಕ್ಕೊಮ್ಮೆ, ಅದೂ ಯಾವ ಹೊತ್ತಿಗೆಂದು ಹೇಳಲಾಗದು. ಬರುವ ರಾತ್ರಿ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತ ಕಾಯುತ್ತಿದ್ದರು. ಮೊದಲು ನೋಡಿದವರು ಕೂಗುತ್ತಿದ್ದರು. ಕಟ್ಟೆ ಹೋದ ಮೂರನೇ ವಾರ ರಾತ್ರಿ ಹನ್ನೊಂದಕ್ಕೆ ನೀರು ಬಂದು ಎರಡಕ್ಕೆ ನಿಂತಿತು, ನಾವು ಫ್ಯಾನ್ ಹಾಕಿಕೊಂಡು ಮಲಗಿದ್ದೆವು. ಮರುದಿನ ಟ್ಯಾಂಕರ್ ತರಿಸಿದೆ. ಯಾರಿಗೂ ನಮ್ಮ ಮೇಲೆ ಸಿಟ್ಟಿರಲಿಲ್ಲ. ಗೇಟು ಹಾಕಿತ್ತು, ಕಾರು ಅಡ್ಡ ಇತ್ತು, ಬಾಗಿಲು ಬಡಿಯಲು ಸಂಕೋಚಪಟ್ಟಿದ್ದರು.

ಎರಡನೆಯದು ದಸರಾ. ವಿಜಯದಶಮಿಯ ಸಂಜೆ ಬನ್ನಿ ಕೊಡುವುದು ನಮ್ಮಲ್ಲಿ ಸಣ್ಣ ವಿಷಯವಲ್ಲ. ನೀವು ಇನ್ನೂ ನೋಡಿರಲಿಕ್ಕಿಲ್ಲ: ಕೈಗೆ ಎಲೆ ಇಟ್ಟು "ಬಂಗಾರದಂತೆ ಇರೋಣ" ಎನ್ನುತ್ತಾರೆ, ಕಿರಿಯರು ಕಾಲಿಗೆ ಬೀಳುತ್ತಾರೆ, ವರ್ಷವಿಡೀ ಮಾತು ಬಿಟ್ಟವರೂ ಅಂದು ಕೈ ಚಾಚುತ್ತಾರೆ. ಹಿಂದಿನ ವರ್ಷಗಳಲ್ಲಿ ಅಪ್ಪನ ಪಕ್ಕದ ಕಲ್ಲಿನ ಮೇಲೆ ರಾತ್ರಿಯ ಹೊತ್ತಿಗೆ ಎಲೆಗಳ ಗುಡ್ಡೆಯೇ ಇರುತ್ತಿತ್ತು. ಆ ವರ್ಷ ಅಪ್ಪ ಹೊಸ ಧೋತರ ಉಟ್ಟು ಕಾರಿನ ಬಾನೆಟ್ ಪಕ್ಕದಲ್ಲಿ ನಿಂತುಕೊಂಡರು. ಜನ ಬಂದರು, ಗೇಟಿನ ಮೇಲಿಂದ ಕೈ ನೀಡಿದರು, ಸ್ಕೂಟರ್ ಬಂದ್ ಮಾಡದೆ ಮುಂದೆ ಹೋದರು. ಎಪ್ಪತ್ನಾಲ್ಕರ ಮುದುಕ ಎಷ್ಟು ಹೊತ್ತು ನಿಂತಾರು? ಏಳಕ್ಕೆ ಒಳಗೆ ಬಂದು ಅಂಗಿಯ ಕಿಸೆಯಿಂದ ಎಲೆ ತೆಗೆದು ದೇವರ ಮುಂದೆ ಇಟ್ಟರು. ಒಂದು ಮುಷ್ಟಿ ಇರಲಿಲ್ಲ.

ಇನ್ನು ಕಾರಿನ ಸಂತೋಷ ಹೇಳುತ್ತೇನೆ, ಅದಕ್ಕಾಗಿಯೇ ಅಲ್ಲವೇ ನೀವು ಕೇಳಿದ್ದು. ದಾಂಡೇಲಿಗೆ ಹೋದೆವು, ಚೆನ್ನಾಗಿತ್ತು. ಗೋಕರ್ಣಕ್ಕೆ ಹೋಗುವಾಗ ಅರಬೈಲು ಘಟ್ಟದಲ್ಲಿ ಮಗಳಿಗೆ ವಾಂತಿ, ಬರುವಾಗ ಮಗನಿಗೆ. ಆಮೇಲೆ ಹೊರಡುವ ಮಾತೆತ್ತಿದರೆ ಮಕ್ಕಳು ನಿಂಬೆಹಣ್ಣು ಹುಡುಕುತ್ತಿದ್ದರು. ಎರಡನೇ ವರ್ಷ ಮೂರು ಸಲ, ಮೂರನೇ ವರ್ಷ ಒಂದು ಸಲ. ಉಳಿದ ದಿನ ಆ ಕಾರು ನನ್ನನ್ನು ಅಮರಗೋಳಕ್ಕೆ ಒಯ್ದು ತಂದಿತು, ದಿನಕ್ಕೆರಡು ಬಾರಿ ಉಣಕಲ್ ಕೆರೆಯ ಪಕ್ಕದಿಂದ. ಕೆರೆ ತುಂಬಿತ್ತೋ ಬತ್ತಿತ್ತೋ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

2018ರ ಕೊನೆಗೆ ಗೇರ್‌ಬಾಕ್ಸ್ ಕೈಕೊಟ್ಟು ಕಾರು ಗ್ಯಾರೇಜ್ ಸೇರಿತು. ಆಗಷ್ಟೇ ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಎಂಬ ಎಸಿ ಬಸ್ಸುಗಳು ಓಡಲು ಶುರುವಾಗಿದ್ದವು. ಒಂದು ಸಂಜೆ ಮನೆಗೆ ಬರುವಾಗ ಧಾರವಾಡ ಕಡೆಯಿಂದ ಬಂದ ಬಸ್ಸು ಹತ್ತಿದೆ. ಒಳಗೆ ಕಾಲಿಟ್ಟೊಡನೆ ಪೇರಲ ಹಣ್ಣಿನ ವಾಸನೆ. ಎಸಿ ಬಸ್ಸಿನ ಕಿಟಕಿಗಳು ತೆರೆಯುವುದಿಲ್ಲ, ವಾಸನೆಗೆ ಹೊರಗೆ ಹೋಗಲು ದಾರಿಯಿಲ್ಲ. ನವಲೂರಿನ ಹಣ್ಣು. ಒಬ್ಬ ಅಜ್ಜಿ ಕಾಲ ಬಳಿ ಚೀಲ ಇಟ್ಟುಕೊಂಡು ಏನೂ ಗೊತ್ತಿಲ್ಲದವರಂತೆ ಕೂತಿದ್ದರು. ಇಡೀ ಬಸ್ಸು ಅವರನ್ನೇ ನೋಡುತ್ತಿತ್ತು. ಟೈ ಕಟ್ಟಿದ ಒಬ್ಬ ಹುಡುಗ ಫೋನ್ ಕಿಸೆಗೆ ಹಾಕಿ, "ಕಿಲೋ ಹೇಗಮ್ಮಾ?" ಎಂದ. "ಇಳಿದ ಮೇಲೆ ಕೇಳಪ್ಪಾ, ಇಲ್ಲಿ ತಕ್ಕಡಿ ಇಲ್ಲ" ಎಂದರು. ಹೊಸೂರಿನಲ್ಲಿ ಅವರು ಇಳಿದಾಗ ನಾವು ಐದಾರು ಮಂದಿ ಹಿಂದೆಯೇ ಇಳಿದೆವು. ನನ್ನ ನಿಲ್ದಾಣ ಅದಾಗಿರಲಿಲ್ಲ.

ಅಪ್ಪನಿಗೆ ಆಗ ಮೇಲಿನ ಸಾಲಿನ ಹಲ್ಲು ಇರಲಿಲ್ಲ. ಪೇರಲ ಹಣ್ಣು ಕೈಯಲ್ಲಿ ತಿರುಗಿಸಿ ನೋಡಿ, ಮೂಗಿಗೆ ಹಿಡಿದು, ರೇಡಿಯೊ ಮೇಲೆ ಇಟ್ಟರು. "ವಾಸನೆ ಸಾಕು" ಎಂದರು. ಸುದ್ದಿ ಮುಗಿಯುವವರೆಗೆ ಸುಮ್ಮನಿದ್ದು, "ಆ ಫರಸಿ ಕಲ್ಲು ಹಿತ್ತಲಲ್ಲಿ ಇವೆಯೋ, ಯಾರಿಗಾದರೂ ಕೊಟ್ಟೆಯೋ?" ಎಂದು ಕೇಳಿದರು. ನಾಲ್ಕು ವರ್ಷದಲ್ಲಿ ಅದೊಂದೇ ಸಲ ಕೇಳಿದ್ದು.

2019ರ ಸಂಕ್ರಾಂತಿಯ ಮೊದಲು ಕಾರು ಮಾರಿದೆ. ಅದೇ ಗೌಂಡಿ ಬಂದ, ಏನೂ ಕೇಳದಷ್ಟು ದೊಡ್ಡ ಮನಸ್ಸು ಅವನದು. ಮೂರು ಕಲ್ಲಿನಲ್ಲಿ ಒಂದನ್ನು ನಮ್ಮವಳು ಬಟ್ಟೆ ಒಗೆಯಲು ಹಾಕಿಕೊಂಡಿದ್ದಳು, ಬಿಡಲಿಲ್ಲ. ಹಾಗಾಗಿ ಈಗಿನ ಕಟ್ಟೆ ಐದಡಿಗೂ ಕಡಿಮೆ. ಜನ ಮರುದಿನವೇ ಬಂದು ಕೂತರೆಂದು ನೀವು ಭಾವಿಸಬಾರದು. ಆರು ತಿಂಗಳು ಅಪ್ಪ ಒಬ್ಬರೇ ಕೂತಿದ್ದರು. ಮೊದಲು ಹುಡುಗರು ಬಂದರು, ಆಮೇಲೆ ಪಕ್ಕದ ಮನೆಯ ಮಾಮಾ. ಕಾಕು ಅಷ್ಟರಲ್ಲಿ ಹಿಟ್ಟಿನ ಗಿರಣಿಯ ಮೆಟ್ಟಿಲಿಗೆ ಒಗ್ಗಿಹೋಗಿದ್ದರು, ಇವತ್ತಿಗೂ ಅಲ್ಲೇ ಕೂರುತ್ತಾರೆ. ಆ ಹತ್ತರಕಿ ಸೊಪ್ಪು ಈಗ ಗಿರಣಿಯವರ ಮನೆಗೆ ಹೋಗುತ್ತದೆ. 2020ರಲ್ಲಿ ಎಲ್ಲ ಬಂದ್ ಆದಾಗ ಅವರವರು ಅವರವರ ಕಟ್ಟೆಯ ಮೇಲೆ ಕೂತು ಓಣಿಯ ಆಚೆ ಈಚೆ ಕೂಗಿ ಮಾತನಾಡಿದರು. ಅಪ್ಪ ಮರುವರ್ಷ ಮಳೆಗಾಲದಲ್ಲಿ ತೀರಿಕೊಂಡರು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸಣ್ಣ ಸಂತೋಷ ಹುಡುಕುವುದು ಹೇಗೆ ಎಂಬುದನ್ನು ನಾನು ಒಪ್ಪುವುದಿಲ್ಲ. ಹುಡುಕಲು ಹೊರಟವರು ಭಾನುವಾರ ಹೊರಡುತ್ತಾರೆ, ಪಟ್ಟಿ ಹಿಡಿದು ಹೊರಡುತ್ತಾರೆ, ಉಣಕಲ್ ಕೆರೆ, ನೃಪತುಂಗ ಬೆಟ್ಟ, ಗಾಜಿನ ಮನೆ ಎಂದು ಒಂದೇ ದಿನ ಮುಗಿಸಿ, ಸಂಜೆಗೆ ಊರಿನಲ್ಲಿ ಇನ್ನೇನೂ ಇಲ್ಲ ಎನ್ನುತ್ತಾರೆ. ನೀವು ವಾರದ ನಡುವೆ ಹೋಗಿ, ಒಂದೇ ಕಡೆ ಹೋಗಿ, ನಿಮ್ಮನ್ನು ನೋಡಿದೊಡನೆ ಮಿರ್ಚಿಯವನು ಎಣ್ಣೆಗೆ ಎರಡು ಹೆಚ್ಚಿಗೆ ಬಿಡುವವರೆಗೆ ಹೋಗಿ.

ಮಿರ್ಚಿ ಎಂದ ಮೇಲೆ ಗಿರಮಿಟ್ ಬಗ್ಗೆ ಒಂದು ಮಾತು, ಇದರಲ್ಲಿ ನಾನು ಬಗ್ಗುವವನಲ್ಲ. ಮೊಬೈಲಿನಲ್ಲಿ ತರಿಸಿಕೊಂಡು ತಿಂದೆ, ವಿಶೇಷವೇನೂ ಇಲ್ಲ ಎಂದು ಬರೆದಿದ್ದೀರಿ. ವಿಶೇಷ ಹೇಗೆ ಇರುತ್ತದೆ? ಈರುಳ್ಳಿ, ಹುಣಸೆ, ಬೆಲ್ಲದ ಒಗ್ಗರಣೆಯಲ್ಲಿ ಚುರುಮುರಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದ ಗಳಿಗೆಯಿಂದ ಅದರ ಆಯುಷ್ಯ ಐದು ನಿಮಿಷ. ನಿಂತುಕೊಂಡು, ಕಾಗದ ಕೈಗೆ ಬಿಸಿ ತಾಗುವಾಗಲೇ, ಒಂದು ತುತ್ತಿಗೆ ಒಂದು ಕಡಿತ ಮಿರ್ಚಿ ಭಜಿ ಸೇರಿಸಿ ತಿನ್ನಬೇಕು. ಪೊಟ್ಟಣದಲ್ಲಿ ಅರ್ಧ ಗಂಟೆ ಕೂತದ್ದು ಮೆತ್ತಗಿನ ಮುದ್ದೆ, ಅದನ್ನು ತಿಂದು ನಮ್ಮ ಊರಿಗೆ ಅಂಕ ಕೊಡಬೇಡಿ.

ಧಾರವಾಡದ ಪೇಡೆಯೂ ಹಾಗೆಯೇ. ಬೆಂಗಳೂರಿಗೆ ಹೋಗುವಾಗ ಡಬ್ಬಿ ಒಯ್ಯುವುದು ಸರಿ, ಆದರೆ ನಿಮಗಾಗಿ ಎಂದು ಎಂದಾದರೂ ಕೊಂಡಿದ್ದೀರಾ? ಉತ್ತರ ಪ್ರದೇಶದ ಉನ್ನಾವೊ ಕಡೆಯಿಂದ ಬಂದ ಠಾಕೂರ್ ಮನೆತನದವರು ಇಲ್ಲಿಗೆ ತಂದ ಸಿಹಿ ಅದು. ಲೈನ್ ಬಜಾರಿನಲ್ಲಿ ಸಾಲಿನಲ್ಲಿ ನಿಂತು ನೂರು ಗ್ರಾಂ ತೆಗೆದುಕೊಳ್ಳಿ. ಮೇಲಿನ ಸಕ್ಕರೆ ಪುಡಿ ಅಂಗಿಯ ಮೇಲೆ ಉದುರಲಿ. ನಾನು ತಿಂಗಳಿಗೊಮ್ಮೆ ಹೋಗುತ್ತೇನೆ, ಮನೆಗೆ ತರುವುದಿಲ್ಲ, ಮನೆಯವರಿಗೆ ಹೇಳುವುದೂ ಇಲ್ಲ.

ಹೆಚ್ಚು ಖರ್ಚಿಲ್ಲದ್ದು ಬೇಕೆಂದರೆ ಹುಬ್ಬಳ್ಳಿ ರೈಲು ನಿಲ್ದಾಣಕ್ಕೆ ಹೋಗಿ ಪ್ಲಾಟ್‌ಫಾರ್ಮ್ ಟಿಕೆಟ್ ಕೊಳ್ಳಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಅದು, ಜಗತ್ತಿನಲ್ಲೇ ಅತಿ ಉದ್ದದ್ದು. ಈ ತುದಿಯಲ್ಲಿ ಗಲಾಟೆ, ಆ ತುದಿಯಲ್ಲಿ ಕಾಗೆಗಳು ಮತ್ತು ನೀವು. ನಡೆದು ಮುಟ್ಟಲು ನನಗೆ ಇಪ್ಪತ್ತೆರಡು ನಿಮಿಷ ಹಿಡಿಯುತ್ತದೆ. ಅಪ್ಪನಿದ್ದಿದ್ದರೆ ಹತ್ತೊಂಬತ್ತರಲ್ಲಿ ಮುಟ್ಟುತ್ತಿದ್ದೆ ಎಂದು ವಾದಿಸುತ್ತಿದ್ದರು.

ಕಾರು ಕೊಳ್ಳಬೇಕೋ ಬೇಡವೋ, ಬಡ್ಡಿ ಎಷ್ಟು, ಯಾವ ಕಂಪನಿಯದು ಎಂಬುದನ್ನೆಲ್ಲ ಬೇರೆಯವರನ್ನು ಕೇಳಿ. ಗೇಟಿನ ಅಳತೆಗೆ ಗೌಂಡಿ ಬಂದ ದಿನ ಮಾತ್ರ ಅವನಿಗೆ ಒಂದು ಲೋಟ ಚಹಾ ಕೊಟ್ಟು, ಎಲ್ಲಿ ಕೂತು ಕುಡಿಯುತ್ತಾನೆ ನೋಡಿಕೊಳ್ಳಿ.