ಪೊಟ್ಟಣ ಬಿಡಿ, ತಟ್ಟೆ ಹಿಡಿಯಿರಿ

ಓದುಗರ ಪ್ರಶ್ನೆ: ಬೀದಿಯಲ್ಲಿ ಮಲಗುವವರ ಸೇವೆ, ಗೆಳೆತನ

ಪ್ರಶ್ನೆ: ನಮ್ಮ ಚರ್ಚ್ ಸಭೆಯ ಯುವಕರು ಎಂಟು ತಿಂಗಳಿಂದ, ತಿಂಗಳಿಗೊಮ್ಮೆ, ಬಳ್ಳಾರಿ ರೈಲ್ವೆ ಸ್ಟೇಷನ್ ಹೊರಗೂ ರಾಯಲ್ ಸರ್ಕಲ್ ಸುತ್ತಲೂ 60 ಪೊಟ್ಟಣ ಪಲಾವ್ ಹಂಚುತ್ತಿದ್ದೇವೆ. ಅರ್ಧ ಗಂಟೆಯಲ್ಲಿ ಖಾಲಿ. ಆದರೆ ಇವತ್ತಿಗೂ ಒಬ್ಬರ ಹೆಸರು ನಮಗೆ ಗೊತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?
– ಕೌಲ್ ಬಜಾರ್‌ನ ಓದುಗರು

ಉತ್ತರ: 60 ಪೊಟ್ಟಣ, 30 ನಿಮಿಷ ಅಂದರೆ ಒಬ್ಬರಿಗೆ ಅರ್ಧ ನಿಮಿಷ. ಹೆಸರು ಹಾಗಿರಲಿ, ಮುಖ ನೋಡುವುದಕ್ಕೂ ಅದು ಸಾಲದು. ಪೊಟ್ಟಣ ಕೈಗಿಟ್ಟ ಕೂಡಲೇ ಕೊಟ್ಟವರಿಗೂ ಇಸಿದುಕೊಂಡವರಿಗೂ ಬಿಡುಗಡೆ. ತಟ್ಟೆ ಹಾಗಲ್ಲ. ಬಡಿಸಿದರೆ ಅವರು ಕೂತು ಉಣ್ಣಬೇಕು, ತಟ್ಟೆ ವಾಪಸ್ ಬರುವ ತನಕ ನೀವು ಕಾಯಬೇಕು. ಆ ಹದಿನೈದು ಇಪ್ಪತ್ತು ನಿಮಿಷವೇ ನಿಮಗೆ ಬೇಕಾದದ್ದು.

60ನ್ನು 25ಕ್ಕೆ ಇಳಿಸಿ, ತಿಂಗಳಿಗೊಮ್ಮೆ ಇದ್ದದ್ದನ್ನು ವಾರಕ್ಕೊಮ್ಮೆ ಮಾಡಿ. ಖರ್ಚು ಏರುತ್ತದೆ, ಏರಲಿ. ಎರಡು ಜಾಗ ಬೇಡ, ಒಂದೇ ಜಾಗ ಇರಲಿ. ವಾರದ ಅದೇ ದಿನ, ಅದೇ ಹೊತ್ತು. ಭಾನುವಾರ ಆರಾಧನೆ ಮುಗಿಸಿ ಮಧ್ಯಾಹ್ನ ಹೋಗುವುದು ನಿಮಗೆ ಅನುಕೂಲ, ಅವರಿಗಲ್ಲ. ಫುಟ್‌ಪಾತಿನಲ್ಲಿ ಮಲಗುವವರಲ್ಲಿ ಹಮಾಲಿ ಮಾಡುವವರು, ಗುಜರಿ ಆಯುವವರು, ಮದುವೆ ಅಡುಗೆಯವರ ಜೊತೆ ಪಾತ್ರೆ ತೊಳೆಯಲು ಹೋಗುವವರು ಬೇಕಾದಷ್ಟು ಜನ. ಅಂಗಡಿಗಳ ಶಟರ್ ಬಿದ್ದು ಜಗಲಿ ಖಾಲಿಯಾದ ಮೇಲೆಯೇ ಅವರು ಬಂದು ಹಾಸುವುದು. ರಾತ್ರಿ ಎಂಟೂವರೆ ಮೇಲೆ ಹೋಗಿ. ಎಲ್ಲರನ್ನೂ ಭಿಕ್ಷುಕರು ಎಂದು ಕರೆಯುವ ಚಾಳಿ ಇದ್ದರೆ ಮೊದಲು ಅದನ್ನು ಬಿಡಿ.

ವ್ಯಾನ್ ಅಥವಾ ಜೀಪು ತಂದು ಅವರ ಪಕ್ಕದಲ್ಲೇ ನಿಲ್ಲಿಸಬೇಡಿ, ಕೆಲವರು ಚೀಲ ಎತ್ತಿಕೊಂಡು ಓಡುತ್ತಾರೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯುವ ಗಾಡಿ ಬಂತು ಎಂಬ ಭಯ ಅದು. (ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲಿನ ಶೇ 3ರ ಭಿಕ್ಷುಕರ ಕರ ಈ ಕೇಂದ್ರಗಳಿಗಾಗಿಯೇ.) ಗಾಡಿ ದೂರ ನಿಲ್ಲಿಸಿ, ಪಾತ್ರೆ ಕೈಯಲ್ಲಿ ಹಿಡಿದು ನಡೆದು ಹೋಗಿ. ಸ್ಟೇಷನ್ ಒಳಗಾದರೆ ಸ್ಟೇಷನ್ ಮಾಸ್ಟರ್ ಮತ್ತು ರೈಲ್ವೆ ಪೊಲೀಸರ ಒಪ್ಪಿಗೆ ಬೇಕು; ಹೊರಗಾದರೂ ಹತ್ತಿರದ ಠಾಣೆಗೆ ಒಂದು ಮಾತು ತಿಳಿಸಿರಿ.

ಮಲಗಿದವರನ್ನು ಭುಜ ಹಿಡಿದು ಅಲುಗಾಡಿಸಬಾರದು. ರಾತ್ರಿ ಅವರನ್ನು ಮುಟ್ಟಿ ಎಬ್ಬಿಸುವವರು ಸಾಮಾನ್ಯವಾಗಿ ಹೊಡೆಯುವವರು, ಇಲ್ಲವೇ ಕದಿಯುವವರು. ಕಾಲ ಕಡೆಯಿಂದ, ಎರಡು ಮಾರು ದೂರ ನಿಂತು ಕರೆಯಿರಿ: 'ತಾತಾ, ಊಟ ಆತೇನು?' ಉತ್ತರ ಬರದಿದ್ದರೆ ಮುಂದೆ ಹೋಗಿ. ಬಂದರೆ ಕೂತುಕೊಳ್ಳಿ, ನಿಂತು ಮಾತಾಡಬೇಡಿ. 'ಯಾವೂರು, ಮನೆ ಯಾಕೆ ಬಿಟ್ಟಿ' ಎಂಬ ವಿಚಾರಣೆ ಮೊದಲ ತಿಂಗಳು ಬೇಡವೇ ಬೇಡ. 'ಕಾಲುನೋವು ಹೆಂಗೈತಿ' ಎಂದು ಹೋದ ವಾರ ಬಿಟ್ಟ ಮಾತನ್ನು ಈ ವಾರ ಎತ್ತಿಕೊಂಡರೆ ಸಾಕು. ಅದಕ್ಕಾಗಿ ಒಂದು ನೋಟ್‌ಬುಕ್ ಇಡಿ, ಆದರೆ ಬರೆಯುವುದು ಮನೆಗೆ ಬಂದ ಮೇಲೆ. ಅವರ ಎದುರು ಪೆನ್ನು ತೆಗೆದರೆ ನೀವೂ ಸರ್ಕಾರದವರೇ. ತಂಡದಲ್ಲಿ ತೆಲುಗು, ಉರ್ದು ಬಲ್ಲವರು ಒಬ್ಬೊಬ್ಬರಾದರೂ ಇರಲಿ, ಬಳ್ಳಾರಿಯಲ್ಲಿ ಬರೀ ಕನ್ನಡಕ್ಕೆ ಎಲ್ಲರ ಬಾಯಿ ತೆರೆಯುವುದಿಲ್ಲ.

ಇನ್ನು ಅಡುಗೆ. 25 ಜನಕ್ಕೆ 3 ಕೆಜಿ ಅಕ್ಕಿ, 1 ಕೆಜಿ ತೊಗರಿಬೇಳೆ, ಒಂದೂವರೆ ಕೆಜಿ ಈರುಳ್ಳಿ ಸಾಕು, ಎರಡನೇ ಸಲ ಬಡಿಸಲೂ ಉಳಿಯುತ್ತದೆ. ಬೇಳೆ ಸೇರಿಸಿ ಮೆತ್ತಗೆ ಬೇಯಿಸಿ, ಹಸಿಮೆಣಸಿನಕಾಯಿ ಕಮ್ಮಿ ಮಾಡಿ. ಬಹಳ ಮಂದಿಗೆ ಹಲ್ಲಿಲ್ಲ, ಬಾಯಿ ಹುಣ್ಣಾಗಿರುತ್ತದೆ. ಕೊಬ್ಬರಿ ಚಟ್ನಿ ಬೇಡ, ಬೇಸಿಗೆಯಲ್ಲಿ ಅದು ಎಲ್ಲಕ್ಕಿಂತ ಮೊದಲು ಕೆಡುತ್ತದೆ. ಮಧ್ಯಾಹ್ನವೇ ಮಾಡಿ ಮುಚ್ಚಿಟ್ಟ ಅನ್ನ ರಾತ್ರಿಗೆ ವಾಂತಿ ತರಿಸಬಹುದು. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಒಲೆಯಿಂದ ಇಳಿಸಿದ ಎರಡು ತಾಸಿನೊಳಗೆ ತಟ್ಟೆಗೆ ಬೀಳಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಬಿಸಿ ಕಟ್ಟಿದರೆ ಹಬೆ ನೀರಾಗಿ ಅನ್ನ ಬೇಗ ಹಳಸುತ್ತದೆ. ನ್ಯೂಸ್‌ಪೇಪರಿನ ಶಾಯಿಯೂ ಊಟಕ್ಕೆ ಹತ್ತಬಾರದು. ಸ್ಟೀಲ್ ಡಬ್ಬಿ, ಸ್ಟೀಲ್ ತಟ್ಟೆ, ಕೈ ತೊಳೆಯಲು ಒಂದು ಕೊಡ ನೀರು.

ಪ್ರಶ್ನೆ: ಕೆಲಸಕ್ಕೆಂದು ಬಳ್ಳಾರಿಗೆ ಬಂದಿದ್ದೇನೆ, ಇಲ್ಲಿ ಯಾರೂ ಪರಿಚಯವಿಲ್ಲ. ಗೆಳತಿಯರು ಸಿಗುತ್ತಾರೆಂದು ಚರ್ಚಿನ ಸೇವಾ ತಂಡ ಸೇರಿದೆ. ಅವರೆಲ್ಲ ಚಿಕ್ಕಂದಿನಿಂದ ಜೊತೆಗಿದ್ದವರು. ಊಟ ಹಂಚಿ ಮುಗಿದ ಕೂಡಲೇ ಬೈಕ್ ಸ್ಟಾರ್ಟ್ ಮಾಡಿ ಹೋಗಿಬಿಡುತ್ತಾರೆ. ಗೆಳೆತನದ ಆಸೆಯಿಂದ ಸೇವೆಗೆ ಬಂದದ್ದೇ ತಪ್ಪಾ?
– ಗಾಂಧಿನಗರದ ಓದುಗರು

ಉತ್ತರ: ತಪ್ಪೇನಿಲ್ಲ. ಸಂಗಡಿಗರಿಗಾಗಿ ಬಂದವರು ಹೆಚ್ಚು ದಿನ ಉಳಿಯುತ್ತಾರೆ, ಪುಣ್ಯಕ್ಕಾಗಿ ಬಂದವರು ಮಳೆ ಬಂದರೆ ಬರುವುದಿಲ್ಲ. ಆದರೆ ನೀವು ಹುಡುಕುತ್ತಿರುವ ಜಾಗ ಸರಿಯಿಲ್ಲ. ಹಂಚುವ ಹೊತ್ತಿನಲ್ಲಿ ಎಲ್ಲರ ಕಣ್ಣೂ ಊಟಕ್ಕೆ ಬಂದವರ ಮೇಲಿರುತ್ತದೆ, ಇರಲೂಬೇಕು. ತಂಡದೊಳಗಿನ ಗೆಳೆತನ ಕುದುರುವುದು ಈರುಳ್ಳಿ ಹೆಚ್ಚುವಾಗ, ಆಮೇಲೆ ತಳ ಹಿಡಿದ ಪಾತ್ರೆ ಉಜ್ಜುವಾಗ. ಸಂಜೆ ಐದೂವರೆಗೇ ಅಡುಗೆಗೆ ಹೋಗಿ. ಒಂದೂವರೆ ಕೆಜಿ ಈರುಳ್ಳಿಗೆ ಇಬ್ಬರು ಎದುರುಬದುರು ಕೂರಬೇಕು, ಕಣ್ಣೀರು ಒರೆಸಿಕೊಳ್ಳುತ್ತಾ ಸುಮ್ಮನೆ ಕೂರುವುದು ಯಾರಿಂದಲೂ ಆಗದ ಮಾತು.

ತಂಡ ನಡೆಸುವವರಿಗೂ ಒಂದು ಸೂಚನೆ: ಹೊಸಬರನ್ನು ಹಳಬರ ಜೊತೆ ಜೋಡಿ ಮಾಡಿ, ಆ ಜೋಡಿಯನ್ನು ಆರು ವಾರ ಬದಲಿಸಬೇಡಿ. ಎಲ್ಲರಿಗೂ ಎಲ್ಲರ ಪರಿಚಯವಾಗಲಿ ಎಂದು ವಾರ ವಾರ ಬದಲಿಸಿದರೆ ಯಾರಿಗೂ ಯಾರೂ ಹತ್ತಿರವಾಗುವುದಿಲ್ಲ. ಕೊನೆಗೆ ಒಂದು ಕಪ್ ಚಹಾ, 20 ನಿಮಿಷ: ಯಾರು ಬಂದಿರಲಿಲ್ಲ, ಯಾರಿಗೆ ಕೆಮ್ಮು, ಯಾವ ಮಾತು ಮನಸ್ಸಿಗೆ ಚುಚ್ಚಿತು. ಪ್ರಾರ್ಥನೆ ಆಮೇಲೆ. ಹೆಣ್ಣುಮಕ್ಕಳನ್ನು ಮನೆ ತನಕ ಬಿಟ್ಟುಬರುವುದು ಯಾರ ಪಾಳಿ ಎಂಬುದು ಮೊದಲೇ ಗೊತ್ತಿರಲಿ.

ಪ್ರಶ್ನೆ: ಊಟದ ಜೊತೆ ಸುವಾರ್ತೆಯ ಕರಪತ್ರ ಕೊಡಬಹುದೇ? ಸೇವೆಯ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಹುದೇ?

ಉತ್ತರ: ಎರಡೂ ಬೇಡ. ಹಸಿದವರು ಕರಪತ್ರ ಬೇಡ ಎನ್ನುವ ಸ್ಥಿತಿಯಲ್ಲಿರುವುದಿಲ್ಲ. ಬೇಡ ಎನ್ನಲಾಗದವರಿಗೆ ಕೊಟ್ಟದ್ದು ನಂಬಿಕೆಯ ಸಾಕ್ಷಿಯೂ ಅಲ್ಲ, ಸ್ನೇಹವೂ ಅಲ್ಲ. ಮತಾಂತರದ ಆಮಿಷವೆಂಬ ದೂರು ಬಂದರೆ ನಷ್ಟ ಅವರ ಊಟಕ್ಕೆ. ಅವರಾಗಿಯೇ ಕೇಳಿದರೆ ಪ್ರಾರ್ಥಿಸಿ. ಕುರುಡ ಬಾರ್ತಿಮಾಯನ ಕಷ್ಟ ಕಣ್ಣೆದುರಿಗಿದ್ದರೂ ಯೇಸು ಮೊದಲು ಕೇಳಿದ್ದು, ನಿನಗೆ ಏನು ಮಾಡಬೇಕು ಎಂದು (ಮಾರ್ಕ 10:51). ಫೋಟೊ ವಿಷಯಕ್ಕೆ ಮತ್ತಾಯ 6:3 ಓದಿಕೊಳ್ಳಿ: ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ. ದಾನಿಗಳಿಗೆ ಲೆಕ್ಕ ತೋರಿಸಬೇಕೆಂದರೆ ಕಿರಾಣಿ ಅಂಗಡಿಯ ಬಿಲ್ಲಿನ ಫೋಟೊ ಹಾಕಿ.

ಪ್ರಶ್ನೆ: ಕುಡಿದವರು, ಬುದ್ಧಿ ಸ್ವಾಧೀನದಲ್ಲಿ ಇಲ್ಲದವರು ಸಿಕ್ಕರೆ ಏನು ಮಾಡಬೇಕು?

ಉತ್ತರ: ಕುಡಿದವರಿಗೂ ಊಟ ಹಾಕಿ, ವಾದ ಬೇಡ. 'ಇವತ್ತಿನಿಂದಲೇ ಬಿಡ್ತೀನಿ ಅಂತ ಆಣೆ ಮಾಡು' ಎಂದಂತೂ ಹೇಳಲೇಬೇಡಿ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಸನ್ನಿ ಹಿಡಿಯಬಹುದು. ಪ್ರಾಣಕ್ಕೇ ಅಪಾಯ. ಬಿಡುವ ಮನಸ್ಸಿದ್ದರೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿ ಜೊತೆಗೆ ಹೋಗಿ. ಬುದ್ಧಿ ಕದಡಿ ಅಲೆಯುತ್ತಿರುವವರನ್ನು ನೀವೇ ಗಾಡಿಗೆ ಹತ್ತಿಸಿಕೊಂಡು ಎಲ್ಲಿಗೂ ಸಾಗಿಸಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮಿನ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ತಾಸಿನೊಳಗೆ ಸರ್ಕಾರಿ ಆಸ್ಪತ್ರೆಗೆ ತೋರಿಸುವುದು ಪೊಲೀಸರ ಕೆಲಸ. 112ಕ್ಕೆ ಕರೆ ಮಾಡಿ, ಅವರು ಬರುವ ತನಕ ಹತ್ತಿರ ಕೂತಿರಿ. ಹುಳು ಬಿದ್ದ ಗಾಯವನ್ನು ಕೆದಕಬೇಡಿ, ಗ್ಲೌಸ್ ಹಾಕಿ ಸ್ವಚ್ಛ ಬಟ್ಟೆ ಮುಚ್ಚಿ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಕ್ರಿಸ್‌ಮಸ್‌ಗೆ 100 ರಗ್ಗು ಹಂಚಿದೆವು. ಜನವರಿಯಲ್ಲಿ ನೋಡಿದರೆ ಒಬ್ಬರ ಹತ್ತಿರವೂ ಇಲ್ಲ. ಮಾರಿಕೊಂಡರಾ?

ಉತ್ತರ: ಕೆಲವರು ಮಾರಿರಬಹುದು, ಹಲವರದ್ದು ಕಳುವಾಗಿರುತ್ತದೆ. ಹಗಲೆಲ್ಲ ಆ ದಪ್ಪ ರಗ್ಗನ್ನು ಎಲ್ಲಿಡಬೇಕು ಹೇಳಿ? ಅಂಗಡಿಯವರು ಜಗಲಿಯಲ್ಲಿ ಬಿಡುವುದಿಲ್ಲ, ಹೊತ್ತುಕೊಂಡು ಹಮಾಲಿ ಆಗುವುದಿಲ್ಲ. ಮಡಚಿದರೆ ಕೈಚೀಲಕ್ಕೆ ಹಿಡಿಯುವ ಚಾದರ ಕೊಡಿ, ಜೊತೆಗೆ ದಾರ ಎಳೆದು ಬಿಗಿಯುವ ಚೀಲ. ಅದೂ ಡಿಸೆಂಬರಿನಲ್ಲೇ ಆಗಬೇಕೆಂದಿಲ್ಲ, ಆ ತಿಂಗಳು ಊರೆಲ್ಲ ಕೊಡುತ್ತದೆ. ಬಳ್ಳಾರಿಯಲ್ಲಿ ಜೀವ ಹಿಂಡುವುದು ಏಪ್ರಿಲ್, ಮೇ. ಆಗ ಟೋಪಿ, ಚಪ್ಪಲಿ, ಲೀಟರ್ ಬಾಟಲಿ, ಓಆರ್‌ಎಸ್ ಒಯ್ಯಿರಿ. ದೊಡ್ಡ ಪ್ಯಾಕೆಟ್ ಇಡೀ ಒಂದು ಲೀಟರ್ ನೀರಿಗೆ. ಒಂದು ಲೋಟಕ್ಕೆ ಪೂರ್ತಿ ಸುರಿದು ಕುಡಿಸಿದರೆ ಉಪ್ಪು ಹೆಚ್ಚಾಗಿ ದೇಹ ಇನ್ನಷ್ಟು ಒಣಗುತ್ತದೆ. ಮೈ ಕಾದು ಮಾತು ತೊದಲುತ್ತಿದ್ದವರ ಬಾಯಿಗೆ ಏನನ್ನೂ ಹಾಕಬೇಡಿ. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಾ 108 ಕರೆಯಿರಿ.