ಮೂರು ಎಕರೆ ಹುಲ್ಲುಹಾಸಿಗೆ ಗೊಣ್ಣೆ ಹುಳು ಬಿದ್ದಿದೆ, ಇಡೀ ಜಾಗಕ್ಕೆ ಔಷಧಿ ಹಾಕಬೇಕಾ?

ಮೂರು ಎಕರೆ ಹುಲ್ಲು, ಅಲ್ಲಲ್ಲಿ ಕಂದಿಹೋದ ತೇಪೆಗಳು, ಬೆಳಗಾದರೆ ಹಕ್ಕಿಗಳು ಬಂದು ಕೆದಕುತ್ತವೆ, ಎಲ್ಲಾ ಕಡೆ ಹರಳು ಔಷಧಿ ಎರಚಿಬಿಡಲಾ ಅಂತ ಕೇಳಿದ್ದೀರಿ. ಗೊಣ್ಣೆ ಹುಳು ಅಂದರೆ ಮಣ್ಣಿನೊಳಗಿದ್ದು ಹುಲ್ಲಿನ ಬೇರು ತಿನ್ನುವ ದುಂಬಿಯ ಮರಿ. ದಯವಿಟ್ಟು ಇವತ್ತೇ ಎರಚಬೇಡಿ. ಮೊದಲು ಒಂದು ಸನಿಕೆ ತಗೊಂಡು ಹೊರಗೆ ಹೋಗಿ.

ನಾನು ನೋಡಿಕೊಳ್ಳುವ ಹುಲ್ಲು ನಾಲ್ಕು ಎಕರೆಗಿಂತ ಸ್ವಲ್ಪ ಜಾಸ್ತಿ. ಮೊದಲ ಸಲ ಹುಳು ಬಿದ್ದಾಗ ಗಾಬರಿಯಾಗಿ ಅಷ್ಟಕ್ಕೂ ಔಷಧಿ ಹಾಕಿದ್ದೆ. ಹುಳು ಸಾಯಲಿಲ್ಲ. ನಾನು ಹಾಕಿದ್ದು ಆಗತಾನೆ ಮೊಟ್ಟೆಯೊಡೆದ ಎಳೆ ಹುಳುವಿನ ಔಷಧಿ, ಮಣ್ಣಿನಲ್ಲಿ ಇದ್ದದ್ದು ಹೆಬ್ಬೆರಳಿನಷ್ಟು ಕೊಬ್ಬಿದ ಹುಳು. ಆಮೇಲೆ ಅಗೆದು ನೋಡಿದರೆ ಲೆಕ್ಕಕ್ಕೆ ಬರುವಷ್ಟು ಹುಳು ಇದ್ದದ್ದು ಅರ್ಧ ಎಕರೆಯಲ್ಲಿ ಮಾತ್ರ. ಉಳಿದ ಕಡೆಯೆಲ್ಲ ಸುಮ್ನೆ ವಿಷ ಸುರಿದಿದ್ದೆ. ಆ ಬೇಸರ ಇನ್ನೂ ಹೋಗಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹುಲ್ಲು ಕಂದಿದ್ದಕ್ಕೆಲ್ಲ ಹುಳುವೇ ಕಾರಣ ಅಂತ ಇಲ್ಲ. ನೀರು ಸಾಲದೆ ಇರಬಹುದು, ಶಿಲೀಂಧ್ರ ರೋಗ ಇರಬಹುದು, ನಾಯಿ ಮೂತ್ರವೂ ಇರಬಹುದು. ಕಂದಿದ ತೇಪೆಯ ಅಂಚಿನಲ್ಲಿ ಒಂದು ಹಿಡಿ ಹುಲ್ಲು ಹಿಡಿದು ಎಳೆಯಿರಿ. ಬರೀ ಒಣಗಿದ ಹುಲ್ಲಾದರೆ ಬೇರು ಬಿಗಿಯಾಗಿ ಹಿಡಿದಿರುತ್ತದೆ. ಹುಳು ಬೇರು ತಿಂದಿದ್ದರೆ ಚಾಪೆ ಸುತ್ತಿದ ಹಾಗೆ ಹುಲ್ಲು ಎದ್ದು ಬರುತ್ತದೆ.

ಈಗ ಎಣಿಸುವ ಕೆಲಸ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಚೌಕಕ್ಕೆ ಮೂರು ಬದಿ ಮಾತ್ರ ಸನಿಕೆಯಿಂದ ಕತ್ತರಿಸಿ, ಪುಸ್ತಕದ ರಟ್ಟು ತೆರೆದ ಹಾಗೆ ಹುಲ್ಲನ್ನು ಹಿಂದಕ್ಕೆ ಮಡಚಿ. ಕೆಳಗಿನ ಮೂರು ಇಂಚು ಮಣ್ಣನ್ನು ಬೆರಳಿಂದ ಪುಡಿಮಾಡುತ್ತಾ ನೋಡಿ. ಬೆಳ್ಳಗೆ, ಅರ್ಧಚಂದ್ರದ ಹಾಗೆ ಬಾಗಿಕೊಂಡು ಮಲಗಿರುತ್ತದೆ. ಕಂದು ತಲೆ, ತಲೆಯ ಹಿಂದೆ ಮೂರು ಜೊತೆ ಕಾಲು. ಬಾಲದ ತುದಿಯಲ್ಲಿ ಚರ್ಮ ತೆಳ್ಳಗಿರುವುದರಿಂದ ಹೊಟ್ಟೆಯೊಳಗಿನ ಮಣ್ಣು ಕಪ್ಪಾಗಿ ಕಾಣುತ್ತದೆ. ಎಣಿಸಿ, ಬರೆದುಕೊಂಡು, ಹುಲ್ಲನ್ನು ಮತ್ತೆ ಮುಚ್ಚಿ ಕಾಲಿಂದ ಒತ್ತಿ, ನೀರು ಹಾಕಿ. ಅದು ಮತ್ತೆ ಹಿಡಿದುಕೊಳ್ಳುತ್ತದೆ.

ಸತ್ತ ತೇಪೆಯ ನಡುವೆ ಅಗೆಯಬೇಡಿ. ಅಲ್ಲಿ ತಿನ್ನಲು ಏನೂ ಉಳಿದಿರುವುದಿಲ್ಲ, ಹುಳು ಅಂಚಿನ ಹಸಿರಿನ ಕಡೆ ಸರಿದಿರುತ್ತದೆ. ದೊಡ್ಡ ಜಾಗವಾದ್ದರಿಂದ ಹಾವಿನ ನಡೆಯ ಹಾಗೆ ಅಡ್ಡಾಡುತ್ತಾ ಸುಮಾರು 40 ಅಡಿಗೊಂದು ಚೌಕ ತೆಗೆಯಿರಿ. ಒಂದು ಹಾಳೆಯಲ್ಲಿ ಜಾಗದ ನಕ್ಷೆ ಗೀಚಿಕೊಂಡು ಪ್ರತಿ ಚೌಕದ ಸಂಖ್ಯೆ ಬರೆಯಿರಿ. ಒಂದು ಮುಂಜಾನೆ ಪೂರ್ತಿ ಹಿಡಿಯಬಹುದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಬಾಳುವ ಹೊತ್ತು ಇನ್ನೊಂದಿಲ್ಲ.

ಚದರ ಅಡಿಗೆ ಐದಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ, ಗಟ್ಟಿ ಹುಲ್ಲು ತಡೆದುಕೊಳ್ಳುತ್ತದೆ. ಐದರಿಂದ ಹತ್ತಿದ್ದರೆ ನೀರು ಕೊಟ್ಟು, ಹುಲ್ಲನ್ನು ಮೂರು ಇಂಚಿಗಿಂತ ಕೆಳಗೆ ಕತ್ತರಿಸದೆ ಕಾಯಬಹುದು. ಎತ್ತರ ಬಿಟ್ಟಷ್ಟೂ ಬೇರು ಆಳಕ್ಕೆ ಹೋಗುತ್ತದೆ, ಅಲ್ವಾ. ಹತ್ತು ದಾಟಿದ ಕಡೆಗಳನ್ನು ನಕ್ಷೆಯಲ್ಲಿ ಸುತ್ತು ಹಾಕಿ. ಔಷಧಿ ಅಲ್ಲಿಗೆ ಮಾತ್ರ. ಸಾಮಾನ್ಯವಾಗಿ ಆ ಸುತ್ತುಗಳು ಬಿಸಿಲು ಬೀಳುವ, ನೀರೂ ಸಿಗುವ ಜಾಗಗಳಲ್ಲೇ ಇರುತ್ತವೆ. ರಾತ್ರಿ ಹಾರುವ ಜಾತಿಯ ದುಂಬಿಯಾದರೆ ದೀಪದ ಕಂಬದ ಸುತ್ತಲೂ ಹುಡುಕಿ.

ಇನ್ನು ಔಷಧಿ ಹಾಕುವ ಹೊತ್ತು. ದುಂಬಿ ಮಣ್ಣಿಗೆ ಮೊಟ್ಟೆ ಇಟ್ಟ ಮೇಲೆ ಒಡೆಯಲು ಸುಮಾರು ಎರಡು ವಾರ ಬೇಕು. ಆಗ ಹುಳು ಚಿಕ್ಕದು, ಮೇಲ್ಮಣ್ಣಲ್ಲೇ ಇರುತ್ತದೆ, ಅದನ್ನು ಹಿಡಿಯುವುದು ಸುಲಭ. ಬೆಳೆದು ಕೊಬ್ಬಿದ ಮೇಲೆ ಕಷ್ಟ. ದುಂಬಿಯಾಗಲು ಕೋಶ ಕಟ್ಟುವ ಹೊತ್ತಿಗೆ ಅದು ತಿನ್ನುವುದನ್ನೇ ನಿಲ್ಲಿಸುತ್ತದೆ, ಆಗ ಏನು ಹಾಕಿದರೂ ವ್ಯರ್ಥ. ಹಾಗಾಗಿ ದುಂಬಿ ಹಾರಲು ಶುರುವಾದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ದುಂಬಿ ಹಿಡಿಯುವ ವಾಸನೆಯ ಬಲೆಯನ್ನು ಮಾತ್ರ ಹುಲ್ಲಿನ ನಡುವೆ ಇಡಬೇಡಿ. ಅದು ಹಿಡಿಯುವುದಕ್ಕಿಂತ ಜಾಸ್ತಿ ದುಂಬಿಗಳನ್ನು ಕರೆದು ತರುತ್ತದೆ.

ನಾನೀಗ ಹೆಚ್ಚಾಗಿ ನಂಬುವುದು ಹುಳುವನ್ನೇ ಕೊಲ್ಲುವ ನೆಮಟೋಡ್‌ಗಳನ್ನು. ಕಣ್ಣಿಗೆ ಕಾಣದಷ್ಟು ಸಣ್ಣ ದಾರದಂಥ ಜೀವಿಗಳು. ಗೊಣ್ಣೆ ಹುಳುವಿಗೆ ಹೆಟೆರೊರ‍್ಹಾಬ್ಡೈಟಿಸ್ ಜಾತಿಯದೇ ಬೇಕು, ಚೀಟಿ ನೋಡಿ ತಗೊಳ್ಳಿ. ಎಕರೆಗೆ ಸುಮಾರು 100 ಕೋಟಿ ಬೇಕಾಗುತ್ತದೆ. ಲೆಕ್ಕ ದೊಡ್ಡದಾಗಿ ಕಂಡರೂ ಒಂದು ಸಣ್ಣ ಪೊಟ್ಟಣದಲ್ಲಿ ಹಿಡಿಸುತ್ತದೆ. ಆದರೆ ಇವು ಜೀವ ಇರುವ ವಸ್ತು ಅನ್ನುವುದನ್ನು ಮರೆಯಬೇಡಿ. ಬಿಸಿಲು ತಾಗಿದರೆ ಸಾಯುತ್ತವೆ, ಒಣ ಮಣ್ಣಲ್ಲಿ ಚಲಿಸಲಾರವು. ತಂದ ಪೊಟ್ಟಣವನ್ನು ತಂಪಲ್ಲಿಡಿ. ಸಿಂಪಡಿಸುವ ಯಂತ್ರದ ಸಣ್ಣ ಜಾಲರಿ ತೆಗೆದುಬಿಡಿ, ಇಲ್ಲದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಮೊದಲು ಮಣ್ಣು ನೆನೆಸಿ, ಹೊತ್ತು ಇಳಿದ ಮೇಲೆ ಸಿಂಪಡಿಸಿ, ತಕ್ಷಣ ಮತ್ತೆ ನೀರು ಬಿಡಿ. ಎರಡು ವಾರ ಮಣ್ಣಿನ ತೇವ ಆರಬಾರದು.

ಹೀಗೆ ಮಾಡಿದ ವರ್ಷ ಎರಡು ವಾರ ಬಿಟ್ಟು ಒಂದು ಚೌಕ ಮಡಚಿ ನೋಡಿದೆ. ಏಳು ಹುಳುಗಳಲ್ಲಿ ಐದು ಇಟ್ಟಿಗೆ ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದವು. ನೆಮಟೋಡ್ ಜೊತೆಗೆ ಒಳಹೊಕ್ಕ ಬ್ಯಾಕ್ಟೀರಿಯಾ ಕೊಡುವ ಬಣ್ಣ ಅದು. ಪಕ್ಕದಲ್ಲೇ ಒಂದು ಎರೆಹುಳು ಆರಾಮಾಗಿ ಓಡಾಡುತ್ತಿತ್ತು. ಅದನ್ನು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮೆಟರೈಜಿಯಂ ಶಿಲೀಂಧ್ರವೂ ಕೆಲಸ ಮಾಡುತ್ತದೆ. ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿ ತೇವ ಇರುವಾಗ ಹಾಕಿ. ನಿಧಾನ, ತಾಳ್ಮೆ ಬೇಕು. ಹಸಿ ಸಗಣಿ ಗೊಬ್ಬರ ಮಾತ್ರ ಬೇಡ, ಕೆಲವು ಜಾತಿಯ ದುಂಬಿಗಳು ಆ ವಾಸನೆಗೇ ಬರುತ್ತವೆ.

ರಾಸಾಯನಿಕವೇ ಬೇಕಾದರೆ ಕ್ಲೋರಾಂಟ್ರಾನಿಲಿಪ್ರೋಲ್ ನೋಡಿ. ಜೇನಿಗೆ ಅದರಿಂದ ಅಪಾಯ ಕಡಿಮೆ. ನಿಧಾನಕ್ಕೆ ಕೆಲಸ ಮಾಡುವುದರಿಂದ ಮೊಟ್ಟೆ ಒಡೆಯುವ ಮೊದಲೇ ಹಾಕಬೇಕು. ನೀರಿನಲ್ಲಿರುವ ಸಣ್ಣ ಜೀವಿಗಳಿಗೆ ಅದು ವಿಷ, ಕೆರೆ ಕಾಲುವೆಯ ಹತ್ತಿರ ಬೇಡ. ಇಮಿಡಾಕ್ಲೋಪ್ರಿಡ್ ಜೇನುನೊಣಕ್ಕೆ ಕೆಟ್ಟದ್ದು. ಹುಲ್ಲಿನ ನಡುವೆ ಹೂವಿರುವ ಕಳೆ ಇದ್ದರೆ ನಾನಂತೂ ಅದನ್ನು ಮುಟ್ಟುವುದಿಲ್ಲ. ಯಾವುದನ್ನೇ ಹಾಕಿದರೂ ಅಳತೆ ಚೀಟಿಯಲ್ಲಿ ಬರೆದಷ್ಟೇ ಇರಲಿ, ಮೇಲೆ ಅರ್ಧ ಇಂಚಿನಷ್ಟು ನೀರು ಬಿಡಿ. ಔಷಧಿ ಹುಲ್ಲಿನ ಎಲೆಯ ಮೇಲೆ ಕೂತಿದ್ದರೆ ಬೇರಿನ ಹತ್ತಿರ ಇರುವ ಹುಳುವಿಗೆ ಏನಾಗಬೇಕು?

ನಿಮ್ಮ ಚೌಕಗಳಲ್ಲಿ ಎಷ್ಟೆಷ್ಟು ಸಿಕ್ಕಿತು, ಹುಳು ಎಷ್ಟು ದಪ್ಪ ಇತ್ತು ಅಂತ ಇಲ್ಲೇ ಕೆಳಗೆ ಬರೆಯಿರಿ. ಕೊಬ್ಬಿದ ಹುಳುವೇ ಆಗಿದ್ದರೆ ಈ ಸಲ ನೀರು ಕೊಟ್ಟು ಹುಲ್ಲು ಉಳಿಸಿಕೊಂಡು, ಮುಂದಿನ ದುಂಬಿ ಹಾರಾಟಕ್ಕೆ ತಯಾರಾಗುವ ಲೆಕ್ಕ ಹಾಕೋಣ.